ರೈನ್ ನದಿಯ ದಂಡೆಯ ನಾಲ್ಕು ಪಾಳಿ

ನಮ್ಮ ಮನೆಯವರು ಯುರೋಪಿನ ರೈಲು ಪ್ರವಾಸದ ಯೋಜನೆ ಬರೆದದ್ದು ಕಾಲುವೆ ಗೇಟಿನ ರಿಜಿಸ್ಟರಿನಲ್ಲಿ. ನಾರಾಯಣಪುರದ ನೀರಾವರಿ ಕ್ವಾರ್ಟರ್ಸಿನಲ್ಲಿ ನಾವು ಇಪ್ಪತ್ತೆರಡು ವರ್ಷ ಇದ್ದೆವು. ಯಾವ ಗೇಟು ಎಷ್ಟು ಹೊತ್ತಿಗೆ ಎತ್ತಿದರು, ಎಷ್ಟು ಹೊತ್ತಿಗೆ ಇಳಿಸಿದರು ಎಂದು ದಿನಾ ಬರೆಯುವ ಉದ್ದನೆಯ ಪುಸ್ತಕ ಅದು. ನಿವೃತ್ತರಾದ ದಿನ ಶಾಲು, ಹಾರದ ಜೊತೆಗೆ ಏನೂ ಬರೆಯದ ಒಂದು ಪುಸ್ತಕವನ್ನೂ ಮನೆಗೆ ತಂದರು. ಸರಕಾರದ್ದನ್ನು ಯಾಕೆ ತಂದಿರಿ ಎಂದು ನಾನು ಬೈದೆ. ರದ್ದಿಗೆ ಹೋಗುವುದಿತ್ತು ಎಂದರು.

ಆ ಪುಸ್ತಕದಲ್ಲಿ 'ಗೇಟು' ಎಂದು ಅಚ್ಚಾದ ಮನೆಯಲ್ಲಿ ಊರಿನ ಹೆಸರು ಬರೆದರು. 'ಎತ್ತಿದ ವೇಳೆ' ಎಂಬಲ್ಲಿ ರೈಲು ಬಿಡುವ ಹೊತ್ತು, 'ಇಳಿಸಿದ ವೇಳೆ' ಎಂಬಲ್ಲಿ ಮುಟ್ಟುವ ಹೊತ್ತು. ಕೊನೆಗೆ, ಹೆಚ್ಚಿನದೇನಾದರೂ ಇದ್ದರೆ ಬರೆಯಲು, 'ಷರಾ' ಎಂದು ಒಂದು ಅಗಲದ ಮನೆ ಇತ್ತು. ಅದು ಮೊದಮೊದಲು ಖಾಲಿಯೇ ಇತ್ತು. ಅದರಲ್ಲಿ ಏನು ಬರೆಯಬೇಕಾದೀತು ಎಂದು ಆಗ ನಮಗೆ ಗೊತ್ತಿರಲಿಲ್ಲ.

ಅವರ ಆಸೆ ಒಂದು ನದಿಯದು. ರೈನ್ ಎಂದು ಅದರ ಹೆಸರು. ಹಿಮದ ಗುಡ್ಡದಲ್ಲಿ ಹುಟ್ಟಿ, ಒಂದಾದ ಮೇಲೊಂದು ದೇಶ ದಾಟಿ ಸಮುದ್ರ ಸೇರುತ್ತದಂತೆ. ಇವರು ನೌಕರಿ ಮಾಡಿದಷ್ಟು ಕಾಲವೂ ಕೃಷ್ಣೆಯ ನೀರಿನ ಜಗಳದಲ್ಲೇ ಕಳೆದರು. ಮೇಲಿನ ರಾಜ್ಯದವರು ಬಿಟ್ಟರೆ ನಮಗೆ, ನಾವು ಬಿಟ್ಟರೆ ಕೆಳಗಿನವರಿಗೆ. ಕಾಲುವೆಯ ಮೇಲೂ ಅದೇ ಕಥೆ. ವಾರಾಬಂದಿ ಎಂದು ಒಬ್ಬೊಬ್ಬರ ಹೊಲಕ್ಕೆ ಪಾಳಿ ಹಚ್ಚಿ ನೀರು ಬಿಡುತ್ತಿದ್ದರು. ಮೊದಲ ಹೊಲದವನು ತನ್ನ ಪಾಳಿ ಮುಗಿದರೂ ತೂಬು ಮುಚ್ಚುತ್ತಿರಲಿಲ್ಲ. ಕೊನೆಯ ಹೊಲದವನು ಬಂದು ನಮ್ಮ ಅಂಗಳದಲ್ಲಿ ಕೂತು ಬೈಯುತ್ತಿದ್ದ. ಅವನಿಗೆ ನಾನು ಚಹಾ ಮಾಡಿ ಕೊಡುತ್ತಿದ್ದೆ. ಒಂದೇ ನದಿಯನ್ನು ಅಷ್ಟು ದೇಶದವರು ಹೇಗೆ ಹಂಚಿಕೊಂಡಿದ್ದಾರೆ, ಒಮ್ಮೆ ಕಣ್ಣಾರೆ ನೋಡಬೇಕು ಎಂಬುದು ಇವರ ಹಟ. ಸಮುದ್ರದ ಬಾಯಿಂದ ಹಿಡಿದು ಹುಟ್ಟುವ ಜಾಗದವರೆಗೆ, ನದಿಗೆ ಎದುರಾಗಿ, ದಂಡೆಯ ರೈಲಿನಲ್ಲೇ ಹೋಗಬೇಕು. ದಂಡೆಗೆ ಹತ್ತಿಕೊಂಡೇ ಹಳಿ ಇದೆಯಂತೆ. ಒಂದು ದೇಶ ಮುಗಿದು ಇನ್ನೊಂದು ಶುರುವಾದದ್ದು ರೈಲಿನಲ್ಲಿ ಕೂತವರಿಗೆ ತಿಳಿಯುವುದೇ ಇಲ್ಲವಂತೆ.

ನಾನು ಶ್ರೀಶೈಲ, ಕಾಶಿ ಬಿಟ್ಟರೆ ಬೇರೆ ಕಡೆ ಹೋದವಳಲ್ಲ. ಹೋಗಿ ಬರೋಣ ಎಂದರು, ಆಗಲಿ ಎಂದೆ. ಆಗ ಪಟ್ಟಿಯಲ್ಲಿ ಒಂಬತ್ತು ದೇಶ ಇದ್ದವು.

ಶಹಾಪುರದಲ್ಲಿ ಮನೆ ಹಿಡಿದು ವರ್ಷ ತುಂಬುವುದರೊಳಗೆ ಅವರ ಎರಡೂ ಮೂತ್ರಪಿಂಡ ಕೈಬಿಟ್ಟವು. ಸಕ್ಕರೆ ಕಾಯಿಲೆ ಮೊದಲೇ ಇತ್ತು. ಸೋಮವಾರ, ಬುಧವಾರ, ಶುಕ್ರವಾರ ಯಾದಗಿರಿಗೆ ಹೋಗಿ ಡಯಾಲಿಸಿಸ್ ಮಾಡಿಸಬೇಕು ಎಂದಾಯಿತು. ಬೆಳಗಿನ ಐದೂವರೆ ಬಸ್ಸಿಗೆ ಹೊರಟು, ನಾಲ್ಕು ತಾಸು ಮಷೀನಿಗೆ ಹಚ್ಚಿಸಿಕೊಂಡು, ಮಧ್ಯಾಹ್ನ ಬಾಡಿದ ಸೊಪ್ಪಿನಂತೆ ವಾಪಸು ಬರುವುದು. ಯಾದಗಿರಿಯಲ್ಲೇ ಪಾಳಿ ಸಿಕ್ಕಿತು, ಕಲಬುರಗಿಯವರೆಗೆ ಅಲೆಯುವುದು ತಪ್ಪಿತು. ಅದು ಶಿವನ ದಯೆ ಎಂದುಕೊಂಡೆ. ಇವರು ಹಾಗೆ ಅಂದುಕೊಳ್ಳಲಿಲ್ಲ. ಮನೆಗೆ ಬಂದರೆ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಡುವರು. ಮಾತಿಲ್ಲ, ಸಿಟ್ಟೂ ಇಲ್ಲ. ಒಂದು ಬುಧವಾರ ನಾನು ಎಬ್ಬಿಸಲು ಹೋದಾಗ, ಕಣ್ಣು ತೆರೆಯದೆ ಹೇಳಿದರು.

"ಇವತ್ತ ಬ್ಯಾಡ ಬಿಡು. ಒಂದ ವಾರ ಬಿಟ್ರ ತಾನ ಮುಗೀತದ."

ಎಳೆದುಕೊಂಡು ಹೋದೆ ಎನ್ನುವುದೇ ಸರಿ. ಅವತ್ತು ಹೋದರು. ಮುಂದೆ ಯಾವ ದಿನ ನನ್ನ ಕೈ ಸೋಲುತ್ತದೋ ಎಂದು ಲಿಂಗಪೂಜೆಗೆ ಕೂತಾಗಲೂ ಮನಸ್ಸು ನಡುಗುತ್ತಿತ್ತು.

ಯಾದಗಿರಿಯಲ್ಲಿ ಮಷೀನು ನೋಡಿಕೊಳ್ಳುವವರು ಒಬ್ಬ ಮುಸಲ್ಮಾನರು, ನಡುವಯಸ್ಸಿನವರು. ಸೂಜಿ ಚುಚ್ಚುವಾಗ ಏನಾದರೂ ಮಾತು ತೆಗೆದು ರೋಗಿಯ ಲಕ್ಷ್ಯ ಬೇರೆ ಕಡೆ ಹಚ್ಚುವ ಜಾಣ್ಮೆ ಅವರಿಗಿತ್ತು. ಒಂದು ದಿನ ತಮ್ಮ ಚಿಕ್ಕಪ್ಪನ ಸುದ್ದಿ ತೆಗೆದರು.

"ಸಾಹೇಬರ, ನಮ್ಮ ಚಾಚಾನೂ ನಿಮ್ಮಂಗ ಮಷೀನ್ ಮ್ಯಾಲ ಇದ್ದವರ. ಉಮ್ರಾಕ್ಕ ಹೋಗಿ ಬಂದ್ರು. ಮಕ್ಕಾದಾಗೂ ಇದ ಮಷೀನ್, ಇದ ಸೂಜಿ. ಎರಡು ಪಾಳಿ ಅಲ್ಲೇ ಮಾಡಿಸ್ಯಾರ ನೋಡ್ರಿ."

ಇವರು ಗೋಡೆ ಬಿಟ್ಟು ಈ ಕಡೆ ಹೊರಳಿದರು. ಎಷ್ಟೋ ತಿಂಗಳ ಮೇಲೆ ಮೊದಲ ಪ್ರಶ್ನೆ ಅವರ ಬಾಯಿಂದ ಬಂತು.

"ಅಲ್ಲಿ ಪಾಳಿ ಹೆಂಗ ಹಿಡದ್ರು?"

ಅಂದು ಮನೆಗೆ ಬಂದವರೇ ಅಟ್ಟದ ಮೇಲಿನ ರಿಜಿಸ್ಟರು ಇಳಿಸು ಎಂದರು. ಧೂಳು ಜಾಡಿಸಿ ಕೊಟ್ಟೆ. ಒಂಬತ್ತು ದೇಶದ ಪಟ್ಟಿಯಲ್ಲಿ ಐದನ್ನು ಅಡ್ಡಗೆರೆ ಎಳೆದು ಹೊಡೆದರು. ನೆದರ್ಲೆಂಡ್ಸ್, ಜರ್ಮನಿ, ಫ್ರಾನ್ಸ್, ಸ್ವಿಟ್ಜರ್ಲೆಂಡ್ ಉಳಿದವು. ನದಿಯೊಂದನ್ನು ಬಿಡಬಾರದು, ಮಿಕ್ಕಿದ್ದೆಲ್ಲ ಬಿಡಬಹುದು ಎಂದರು. ಷರಾ ಎಂಬ ಖಾಲಿ ಮನೆಯಲ್ಲಿ ಅವತ್ತು ಮೊದಲ ಅಕ್ಷರ ಬಿತ್ತು: 'ಇಲ್ಲಿ ಮಷೀನು'.

ನಮಗಿರುವುದು ಒಬ್ಬಳೇ ಮಗಳು. ಸುರಪುರದಲ್ಲಿ ಕೊಟ್ಟಿದ್ದೇವೆ, ಅಲ್ಲಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಾಳೆ. ರವಿವಾರಕ್ಕೊಮ್ಮೆ ಬಂದು, ಇವರು ಕನ್ನಡದಲ್ಲಿ ಹೇಳಿದ್ದನ್ನು ಇಂಗ್ಲಿಷ್ ಮಾಡಿ ಆ ಊರುಗಳ ಡಯಾಲಿಸಿಸ್ ಕೇಂದ್ರಗಳಿಗೆ ಪತ್ರ ಕಳಿಸುತ್ತಿದ್ದಳು. ಸೋಮವಾರ ರಾಟರ್‌ಡ್ಯಾಮಿನಲ್ಲಿ ಒಂದು ಪಾಳಿ ಬೇಕು. ಬುಧವಾರ ಕಲೋನಿನಲ್ಲಿ. ಶುಕ್ರವಾರ ಸ್ಟ್ರಾಸ್‌ಬರ್ಗಿನಲ್ಲಿ. ಮರು ಸೋಮವಾರ ಬಾಸೆಲ್ಲಿನಲ್ಲಿ. ಅದರ ಮರುದಿನ ಗುಡ್ಡದ ರೈಲು ಹತ್ತಿ ನದಿ ಹುಟ್ಟುವ ಜಾಗ ನೋಡಿ, ಬುಧವಾರ ವಿಮಾನ ಹತ್ತಿದರೆ ಗುರುವಾರ ಯಾದಗಿರಿಯ ಮಷೀನು. ಸೋಮವಾರದಿಂದ ಗುರುವಾರದವರೆಗೆ ಮೂರು ದಿನದ ಅಂತರ. ಪ್ರತಿ ವಾರ ಶುಕ್ರವಾರದಿಂದ ಸೋಮವಾರಕ್ಕೂ ಅಷ್ಟೇ ಅಂತರ. ತಡೆಯುತ್ತದೆ ಎಂದು ಇವರು ತೀರ್ಮಾನ ಮಾಡಿದರು.

ಕಲೋನಿನವರು ಮೊದಲು ಹೂಂ ಎಂದರು, ರಾಟರ್‌ಡ್ಯಾಮಿನವರು ಅವರ ಹಿಂದೆಯೇ. ರಕ್ತದ ವರದಿ, ಸೂಜಿಯ ಅಳತೆ, ಮಷೀನಿಗೆ ಹಚ್ಚುವ ಮುಂಚಿನ ತೂಕ, ತೆಗೆದ ಮೇಲಿನ ತೂಕ ಎಲ್ಲ ಕೇಳಿದರು. ಸ್ಟ್ರಾಸ್‌ಬರ್ಗಿನ ಉತ್ತರ ಫ್ರೆಂಚಿನಲ್ಲಿ ಬಂತು, ಮಗಳು ಮೊಬೈಲಿಗೆ ತೋರಿಸಿ ಅರ್ಥ ಮಾಡಿಸಿಕೊಂಡಳು. ಬಾಸೆಲ್ಲಿನವರು ಎರಡು ತಿಂಗಳು ಸತಾಯಿಸಿ ಒಪ್ಪಿದರು. ಒಂದೊಂದು ಉತ್ತರ ಬಂದಾಗಲೂ ಇವರು ಒಂದು ರೊಟ್ಟಿ ಹೆಚ್ಚು ಉಣ್ಣುತ್ತಿದ್ದರು. ನನಗೆ ನದಿ ಬೇಕಾಗಿರಲಿಲ್ಲ. ಆ ಒಂದು ರೊಟ್ಟಿ ಬೇಕಾಗಿತ್ತು. ಅವರು ಬೆಳಿಗ್ಗೆ ತಾವಾಗಿ ಎದ್ದು ಬಸ್ಸಿಗೆ ಹೊರಡುವುದು ಬೇಕಾಗಿತ್ತು.

ರೈಲು ಬದಲಿಸುವಲ್ಲಿ ಎಷ್ಟು ಹೊತ್ತು ಬೇಕು ಎಂಬುದು ಅವರಿಗೆ ದೊಡ್ಡ ಚಿಂತೆ. ಅಲ್ಲಿ ಎಂಟು ನಿಮಿಷಕ್ಕೆಲ್ಲ ಇನ್ನೊಂದು ರೈಲು ಹೊರಡುತ್ತದೆಯಂತೆ. ಒಂದು ಶುಕ್ರವಾರ ಡಯಾಲಿಸಿಸ್ ಮುಗಿದ ಮೇಲೆ ನನ್ನನ್ನು ಯಾದಗಿರಿ ಸ್ಟೇಷನ್ನಿಗೆ ಕರೆದುಕೊಂಡು ಹೋದರು. ಎರಡು ಪ್ಲಾಟ್‌ಫಾರ್ಮ್ ಟಿಕೆಟ್ ತೆಗೆಸಿ, ಒಂದನೇ ಪ್ಲಾಟ್‌ಫಾರ್ಮಿನಿಂದ ಎರಡನೆಯದಕ್ಕೆ ಮೇಲ್ಸೇತುವೆ ಹತ್ತಿ ಇಳಿಯಬೇಕು ಎಂದರು. ನನ್ನ ಕೈಯಲ್ಲಿ ಬಟ್ಟೆ ತುಂಬಿದ ಚೀಲ, ಅವರ ಕೈಯಲ್ಲಿ ಗಡಿಯಾರ. ನಡುವೆ ಎರಡು ಸಲ ಕೂತರು. ಹದಿನಾರು ನಿಮಿಷ ಹಿಡಿಯಿತು. ಬೆಂಚಿನ ಮೇಲೆ ಕೂತಿದ್ದ ಶೇಂಗಾ ಮಾರುವವಳು ನಮ್ಮನ್ನು ನೋಡಿ, ಯಾವ ಗಾಡಿ ತಪ್ಪಿತವ್ವ ಎಂದು ಕನಿಕರದಿಂದ ಕೇಳಿದಳು. ಇನ್ನೂ ಬಂದಿಲ್ಲ ಎಂದೆ. ರಿಜಿಸ್ಟರಿನಲ್ಲಿ ಎಲ್ಲ ಕಡೆಗೂ ನಲವತ್ತು ನಿಮಿಷ ಎಂದು ತಿದ್ದಿದರು.

ನನಗಿದ್ದ ಚಿಂತೆಯೇ ಬೇರೆ. ವಿಮಾನ ನಿಲ್ದಾಣದಲ್ಲಿ ಮೈಮೇಲಿನದನ್ನೆಲ್ಲ ತೆಗೆಸುತ್ತಾರಂತೆ. ಕೊರಳಲ್ಲಿ ಲಿಂಗದ ಕರಡಿಗೆ ಇದೆ, ಅದನ್ನು ಅಂಗದಿಂದ ಅಗಲಿಸುವುದು ಹೇಗೆ. ಮನೆಗೆ ಬರುವ ಹಿರಿಯ ಅಯ್ಯನವರನ್ನು ಕೇಳಿದೆ. ಕೈಯಲ್ಲಿ ಹಿಡಿದುಕೊಂಡೇ ತೆರೆದು ತೋರಿಸು, ಕೈಯೂ ಅಂಗವೇ ಅಲ್ಲವೇನು ಎಂದರು. ಅಷ್ಟು ಸಮಾಧಾನ ಸಾಕಾಯಿತು.

ವೀಸಾಕ್ಕೆ ಬೆರಳಚ್ಚು ಕೊಡಲು ಬೆಂಗಳೂರಿಗೆ ಹೋಗಬೇಕಾಯಿತು. ಸೋಮವಾರ ಮಷೀನು ಮುಗಿಸಿ ಸಂಜೆಯ ರೈಲು ಹತ್ತಿದೆವು, ಮಂಗಳವಾರ ಬೆರಳಚ್ಚು ಕೊಟ್ಟೆವು, ಬುಧವಾರ ಬೆಳಿಗ್ಗೆ ಯಾದಗಿರಿಯಲ್ಲಿ ಇಳಿದು ಸ್ಟೇಷನ್ನಿನಿಂದ ನೇರ ಮಷೀನಿಗೆ. ಏನೂ ಆಗಲಿಲ್ಲ. ಸೂಜಿ ಚುಚ್ಚಿಸಿಕೊಳ್ಳುತ್ತಾ ಇವರು ನಕ್ಕರು. ಒಂದು ಪಾಳಿಯಿಂದ ಇನ್ನೊಂದು ಪಾಳಿಯ ನಡುವೆ ಒಂದು ಊರು ನೋಡಿ ಬಂದೆವಲ್ಲ, ಹೀಗೆಯೇ ನಾಲ್ಕು ಸಲ ಮಾಡಿದರೆ ನದಿ ಮುಗಿಯಿತು ಎಂದರು. ಹದಿನೈದು ದಿನಕ್ಕೆ ಇಬ್ಬರ ಪಾಸ್‌ಪೋರ್ಟಿಗೂ ವೀಸಾ ಅಂಟಿ ಬಂತು. ಇನ್ನು ಉಳಿದದ್ದು ಒಂದೇ. ಹೊರಡುವ ಮುಂಚಿನ ವಾರ, ಇವರ ಮೂತ್ರಪಿಂಡದ ಕಾಯಿಲೆ ನೋಡುತ್ತಿದ್ದ ಕಲಬುರಗಿಯ ಡಾಕ್ಟರಮ್ಮನವರು ಪ್ರಯಾಣಕ್ಕೆ ಯೋಗ್ಯ ಎಂದು ಬರೆದುಕೊಡಬೇಕಿತ್ತು. ಹೀಗೇ ಇದ್ದರೆ ಕೊಡುತ್ತೇನೆ ಎಂದಿದ್ದರು.

ಹೀಗೇ ಇಡುವುದು ನನ್ನ ಕೆಲಸ. ದಿನಕ್ಕೆ ಒಂದು ಲೀಟರಿಗಿಂತ ಹೆಚ್ಚು ನೀರು ಅವರ ಹೊಟ್ಟೆಗೆ ಹೋಗಬಾರದು. ಬೆಳಿಗ್ಗೆ ಪೂಜೆ ಮುಗಿದ ಮೇಲೆ ಒಂದು ಲೀಟರು ಹಿಡಿಯುವ ತಾಮ್ರದ ತಂಬಿಗೆ ತುಂಬಿಡುತ್ತಿದ್ದೆ. ಅವರು ಚಹಾ ಕುಡಿದರೆ ಅಷ್ಟೇ ನೀರನ್ನು ತಂಬಿಗೆಯಿಂದ ತೆಗೆದು ಗಿಡಕ್ಕೆ ಹಾಕುವುದು. ಮಜ್ಜಿಗೆ ಕೊಟ್ಟರೂ ಹಾಗೆಯೇ. ತಂಬಿಗೆ ಬರಿದಾಯಿತೆಂದರೆ ಅವತ್ತಿನ ನೀರು ಮುಗಿಯಿತು. ಕಾಯಿಪಲ್ಲೆಯನ್ನು ಎರಡು ಸಲ ಕುದಿಸಿ ನೀರು ಬಸಿದು ಚೆಲ್ಲುತ್ತಿದ್ದೆ. ಬಾಳೆಹಣ್ಣು ಮನೆಗೇ ತರುತ್ತಿರಲಿಲ್ಲ. ಏನು ಕೊಡಬಾರದು ಎಂಬ ಇಂಗ್ಲಿಷ್ ಪಟ್ಟಿಯೊಂದನ್ನು ಆಸ್ಪತ್ರೆಯಲ್ಲಿ ಕೊಟ್ಟಿದ್ದರು. ಮಗಳು ಅದರ ಮೇಲೆಯೇ ಪೆನ್ಸಿಲಿನಲ್ಲಿ ಕನ್ನಡ ಬರೆದುಕೊಟ್ಟಿದ್ದಳು. ಒಲೆಯ ಪಕ್ಕದ ಗೋಡೆಗೆ ಗಂಜಿ ಹಚ್ಚಿ ಅಂಟಿಸಿದ್ದೆ. ದಿನಾ ಕಣ್ಣಿಗೆ ಬೀಳಲಿ ಎಂದು.

ನಾವು ಹೊರಟ ಸುದ್ದಿ ಹಬ್ಬಿದ ಮೇಲೆ ಊಟದ ಕರೆಗಳು ಶುರುವಾದವು. ನಮ್ಮ ಕಡೆ ದೂರದ ಪ್ರಯಾಣಕ್ಕೆ ಹೊರಟವರನ್ನು ಮನೆಗೆ ಕರೆದು ಉಣ್ಣಿಸದೆ ಕಳಿಸುವುದಿಲ್ಲ. ಕರೆದರೆ ಹೋಗದೆ ಇರುವುದೂ ಇಲ್ಲ. ಡಾಕ್ಟರು ಬೇಡ ಎಂದಿದ್ದಾರೆ ಎಂದರೆ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಡಾಕ್ಟರುಗಳು ಹೇಳುತ್ತಲೇ ಇರುತ್ತಾರೆ, ಒಂದು ತುತ್ತಿಗೆ ಏನಾಗುತ್ತದೆ ಎನ್ನುವರು. ನಾಲ್ಕೈದು ಮನೆಯವರ ಮುನಿಸು ಕಟ್ಟಿಕೊಂಡು ತಪ್ಪಿಸಿದೆ. ತಪ್ಪಿಸಲಾಗದೆ ಉಳಿದದ್ದು ವನದುರ್ಗದ ಕರೆ. ಅಲ್ಲಿ ಇವರ ಅಕ್ಕ ಇದ್ದಾರೆ. ತಾಯಿ ತೀರಿಹೋದ ಮೇಲೆ ಇವರನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವರು.

ಹೊರಡಲು ಹನ್ನೆರಡು ದಿನ ಇದ್ದಾಗ, ಒಂದು ರವಿವಾರ ಹೋದೆವು. ಸೋಮ, ಬುಧ, ಶುಕ್ರ ಮಷೀನು. ಮರುದಿನಗಳಲ್ಲಿ ಸುಸ್ತು. ಬಿಡುವು ಎಂದರೆ ರವಿವಾರವೇ. ಶುಕ್ರವಾರದಿಂದ ಮಷೀನು ಕಾಣದ ಮೈಯಲ್ಲಿ ಎಲ್ಲ ವಿಷವೂ ತುಂಬಿ ನಿಲ್ಲುವುದೂ ಅದೇ ದಿನ. ಅದು ಗೊತ್ತಿದ್ದೇ ನನ್ನದೇ ಬಾಟಲಿಯಲ್ಲಿ ಅಳತೆಯ ನೀರು ಒಯ್ದಿದ್ದೆ. ಇವರು ಅರ್ಧ ಹೋಳಿಗೆ ಮುಟ್ಟಿದರು, ಅನ್ನ ಉಂಡರು. ನೀರಿಗೆ ನಾನು ಬಾಟಲಿ ತೆಗೆದೆ. ಬಡಿಸುತ್ತಿದ್ದ ಅಕ್ಕನ ಕೈ ನಿಂತಿತು.

"ನಮ್ಮ ಮನಿ ನೀರು ಸೈತ ಬ್ಯಾಡಾದ್ವೇನು ತಮ್ಮಾ?"

ಇವರು ತಲೆ ತಗ್ಗಿಸಿದರು. ಡಾಕ್ಟರು ಅಳತೆ ಹಾಕಿದ್ದಾರೆ ಎಂದು ನಾನು ವಿವರಿಸಲು ಹೋದೆ. ಅಕ್ಕ ಒಳಗೆ ಹೋಗಿಬಿಟ್ಟರು. ಹಿತ್ತಲಿನಲ್ಲಿ ಕುಡುಗೋಲಿನ ಸಪ್ಪಳ ಕೇಳಿತು. ಬರುವಾಗ ಅವರ ಎರಡೂ ಕೈಯಲ್ಲಿ ಒಂದೊಂದು ಎಳನೀರು.

"ನಿನ್ನ ಸಲುವಾಗಿ ನಿನ್ನೇನ ಇಳಿಸಿಟ್ಟೀನಿ. ರೋಗದವ್ರಿಗೆ ಇದಕ್ಕಿಂತ ಮದ್ದಿಲ್ಲ. ಇದನ್ನೂ ಬ್ಯಾಡಂದ್ರ ನನ್ನ ಮನಿ ಹೊಸ್ತಿಲಾ ತುಳೀಬ್ಯಾಡ."

ಇವರು ನನ್ನ ಮುಖ ನೋಡಿದರು. ಆ ನೋಟ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ನಾನು ಯೋಚನೆ ಮಾಡಿದ್ದು ಒಂದೇ ಮಾತು, ಎಳನೀರೂ ನೀರೇ. ನಮ್ಮಲ್ಲಿ ಆಸ್ಪತ್ರೆಗೆ ರೋಗಿಯನ್ನು ನೋಡಲು ಹೋಗುವವರು ಒಯ್ಯುವುದೂ ಅದನ್ನೇ ಅಲ್ಲವೇ.

"ಕುಡೀರಿ. ನಾ ಅಳತಿಗೆ ಹಿಡೀತೀನಿ," ಎಂದೆ.

ಎರಡನ್ನೂ ಕುಡಿದರು. ನಾನು ಬಾಟಲಿ ತೆಗೆದುಕೊಂಡು ಹಿತ್ತಲಿಗೆ ಹೋಗಿ, ಎರಡೂ ಕಾಯಿಯಲ್ಲಿ ಎಷ್ಟಿತ್ತೋ ಅಷ್ಟು ನೀರನ್ನು ದಾಸವಾಳದ ಬುಡಕ್ಕೆ ಸುರಿದೆ. ಒಂದು ಗುಟುಕು ಹೆಚ್ಚೇ ಸುರಿದೆ. ಕೂತಲ್ಲಿಂದಲೇ ಇವರು ಅದನ್ನು ನೋಡುತ್ತಿದ್ದರು. ಅಕ್ಕನ ಮುಖ ಅರಳಿತ್ತು. ನನಗೆ ಉಡಿ ತುಂಬಿದರು. ಇವರ ತಲೆ ಸವರಿ, ಆ ನದಿಯಲ್ಲಿ ತಮ್ಮ ಹೆಸರಿನಲ್ಲೂ ಒಂದು ಬೊಗಸೆ ನೀರು ಎತ್ತಬೇಕು ಎಂದು ಹೇಳಿ ಕಳಿಸಿದರು.

ಸೋಮವಾರ ಬೆಳಕು ಹರಿಯುವ ಹೊತ್ತಿಗೆ ನಾನು ಬಸ್ಸಿಗೆ ತಯಾರಾಗಿ ಎಬ್ಬಿಸಲು ಹೋದೆ. ಎಚ್ಚರವೇ ಇದ್ದರು.

"ಕಾಲು ಏಳವಲ್ಲವು," ಎಂದರು.

ತಮಾಷೆ ಎಂದುಕೊಂಡೆ. ಕಾಲು ಮುಟ್ಟಿ ನೋಡಿದರೆ ಜೀವವೇ ಇಲ್ಲದ ಹಾಗಿತ್ತು. ಎತ್ತಿ ಬಿಟ್ಟರೆ ಧೊಪ್ಪನೆ ಬಿತ್ತು. ಪಕ್ಕದ ಮನೆಯವರು ಕಾರು ತೆಗೆದರು. ಅವರ ಕಾರು ಅವತ್ತು ಮನೆಯಲ್ಲಿ ಇತ್ತು, ಅದೊಂದು ದಯೆ. ಯಾದಗಿರಿ ಮುಟ್ಟುವುದರೊಳಗೆ ಇವರ ಕೈಯೂ ಸೋತಿತ್ತು. ಎದೆಗೆ ತಂತಿ ಹಚ್ಚಿ ನೋಡಿದ ಡಾಕ್ಟರು ನನ್ನ ಕಡೆ ತಿರುಗಿ, ನಿನ್ನೆ ಏನು ಕೊಟ್ಟಿರಿ ಎಂದು ಕೇಳಿದರು. ಹೋಳಿಗೆ ಎಂದೆ, ಅನ್ನ ಎಂದೆ. ಬೇರೆ ಎಂದರು. ಎಳನೀರು ಎಂದೆ, ಆದರೆ ಅಳತೆಗೆ ಹಿಡಿದಿದ್ದೇನೆ ಎಂದೆ. ಅವರು ಇಂಜೆಕ್ಷನ್ ತರಿಸಲು ಹೊರಗೆ ಓಡಿದರು. ಮಷೀನು ನೋಡಿಕೊಳ್ಳುವ ಆ ಸಜ್ಜನರು ಕಣ್ಣು ಮುಚ್ಚಿ ತೆರೆದರು.

"ಅಮ್ಮಾರ, ಅದು ನೀರಲ್ರಿ. ಇವ್ರ ಮೈಯಾಗ ಅದು ವಿಷ ಆಗ್ತದ. ಹೃದಯಾನ ನಿಲ್ಲಸ್ತದ."

ಪೊಟ್ಯಾಸಿಯಂ ಎಂಬ ಹೆಸರನ್ನು ಆಮೇಲೆ ಕಲಿತೆ. ಮೂತ್ರಪಿಂಡ ಇದ್ದವರು ಅದನ್ನು ಹೊರಗೆ ಹಾಕುತ್ತಾರೆ, ಇಲ್ಲದವರಲ್ಲಿ ಅದು ರಕ್ತದಲ್ಲೇ ನಿಲ್ಲುತ್ತದೆ. ಇಂಜೆಕ್ಷನ್ ಮೇಲೆ ಇಂಜೆಕ್ಷನ್ ಕೊಟ್ಟು ಮಷೀನಿಗೆ ಹಚ್ಚಿದರು. ಮಷೀನಿನ ಮೇಲೆ ಇದ್ದಾಗಲೇ ಹೃದಯ ಒಮ್ಮೆ ನಿಂತಿತು. ಎದೆ ಒತ್ತಿ ಒತ್ತಿ ತಿರುಗಿ ತಂದರು. ಅಲ್ಲಿಂದ ಕಲಬುರಗಿಗೆ ಒಯ್ದರು. ಒಂಬತ್ತು ದಿನ ನಾನು ಅಲ್ಲಿಯ ವರಾಂಡದಲ್ಲಿ ಇದ್ದೆ. ಕೊರಳಲ್ಲಿ ಲಿಂಗ ಇತ್ತು, ಪೂಜೆ ಎರಡು ದಿನ ತಪ್ಪಿತು. ನಾನು ಲಿಂಗ ಕಟ್ಟಿಸಿಕೊಂಡಾಗಿನಿಂದ ಹಾಗೆ ತಪ್ಪಿದ್ದು ಅದೇ ಮೊದಲು.

ಜೀವ ಉಳಿಯಿತು. ಹೃದಯ ಮಾತ್ರ ಮೊದಲಿನ ಹಾಗೆ ಆಗಲಿಲ್ಲ. ಡಾಕ್ಟರಮ್ಮನವರು ಪ್ರಯಾಣದ ಪತ್ರ ಬರೆಯುವುದಿಲ್ಲ ಎಂದರು. ಮುಂದಿನ ವರ್ಷ ಎಂದು ಮಗಳು ಕೇಳಿದಳು. ಮುಂದೆ ಎಂದೂ ಬರೆಯುವುದಿಲ್ಲ, ಸುಳ್ಳು ಆಸೆ ಹುಟ್ಟಿಸುವುದು ನನಗಾಗದು ಎಂದು ಅವರು ನಿಧಾನವಾಗಿ ಹೇಳಿದರು. ಇವರು ಕೇಳಿಸಿಕೊಂಡರು. ಗೋಡೆಯ ಕಡೆ ಹೊರಳಿದರು.

ಮನೆಗೆ ಬಂದ ದಿನ ಒಲೆಯ ಪಕ್ಕದ ಪಟ್ಟಿಯನ್ನು ಮತ್ತೆ ಓದಿದೆ. ಮೇಲಿಂದ ಕೆಳಗೆ ಎಲ್ಲಿಯೂ ಎಳನೀರು ಇರಲಿಲ್ಲ. ಮಗಳನ್ನು ಕರೆದೆ. ಅವಳು ಚಾಕುವಿನಿಂದ ಅಂಚು ಎಬ್ಬಿಸಿ ಹಾಳೆಯನ್ನು ಗೋಡೆಯಿಂದ ಬಿಡಿಸಿದಳು. ಬೆನ್ನಿಗೂ ಅಚ್ಚು ಇತ್ತು. ಅರ್ಧ ಗೋಡೆಗೇ ಅಂಟಿ ಉಳಿಯಿತು, ಉಳಿದರ್ಧದಲ್ಲಿ ಎರಡನೇ ಸಾಲೇ ಎಳನೀರು. ಪಟ್ಟಿ ಇರುವುದು ಒಂದೇ ಮಗ್ಗುಲಿಗೆ ಎಂದುಕೊಂಡು ಅವಳು ಅಷ್ಟಕ್ಕೇ ಕನ್ನಡ ಬರೆದಿದ್ದಳು, ನಾನು ಇನ್ನೊಂದು ಮಗ್ಗುಲಿಗೆ ಗಂಜಿ ಹಚ್ಚಿದ್ದೆ. ಅವಳು ಅಲ್ಲೇ ಕೂತು ಅತ್ತಳು. ನಿನ್ನದೇನೂ ತಪ್ಪಿಲ್ಲ ಎಂದು ಅವಳಿಗೆ ಹೇಳಿದೆ. ನನಗೆ ಹಾಗೆ ಹೇಳುವವರು ಇರಲಿಲ್ಲ.

ಮೂರನೆಯ ದಿನ ತಂಬಿಗೆ ತೆಗೆದುಕೊಂಡು ಅವರ ಹತ್ತಿರ ಹೋಗಿ ಕೂತೆ. ನಿಮ್ಮ ನದಿಯನ್ನು ನಾನೇ ಕಳೆದೆ, ಕುಡಿಯಿರಿ ಎಂದವಳು ನಾನೇ ಎಂದೆ. ಅವರು ನನ್ನ ಕೈಯಿಂದ ತಂಬಿಗೆ ತೆಗೆದು ಪಕ್ಕಕ್ಕೆ ಇಟ್ಟರು.

"ಆ ಹಾಳಿ ನೀ ಗ್ವಾಡಿಗೆ ಹಚ್ಚೂಕಿಂತ ಮೊದಲ ನಾ ಓದಿದ್ದೆ. ಎರಡೂ ಮಗ್ಗುಲು," ಎಂದರು.

ನನಗೆ ಅರ್ಥವಾಗಲಿಲ್ಲ.

"ಎಳನೀರು ಬ್ಯಾಡಂತ ಗೊತ್ತಿತ್ತು. ಅಕ್ಕನ ಮಾರಿ ನೋಡಿ ಕುಡದೆ. ಒಂದ ಸಲಕ್ಕ ಏನಾಗ್ತದ ಅನಿಸ್ತು. ನೀ ಗಿಡಕ್ಕ ನೀರು ಹಾಕೋದು ನೋಡ್ದೆ. ಹೇಳಿದ್ರ ನೀ ಅಕ್ಕನ ಎದುರಿಗೇ ಅಳ್ತಿದ್ದಿ. ಅದಕ್ಕ ಸುಮ್ಮಕಾದೆ."

ಇದರಿಂದ ನನ್ನ ಭಾರ ಇಳಿಯಬೇಕಿತ್ತು. ಇಳಿಯಲಿಲ್ಲ. ತಿಳಿಯದೆ ನಾನು ಕೊಟ್ಟೆ, ತಿಳಿದೂ ಅವರು ಕುಡಿದರು, ಪ್ರೀತಿಯಿಂದ ಅಕ್ಕ ಹಟ ಹಿಡಿದರು. ಮೂವರಲ್ಲಿ ಒಬ್ಬರೂ ಕೆಟ್ಟದ್ದು ಬಯಸಲಿಲ್ಲ. ನಾವು ಇಷ್ಟು ಮಂದಿ ಸೇರಿ ಒಬ್ಬರ ಮನಸ್ಸು ನೋಯದ ಹಾಗೆ ನೋಡಿಕೊಂಡೆವು, ಇವರ ಹೃದಯ ನಿಂತಿತು.

ಆಮೇಲೆ ಅವರು ರಿಜಿಸ್ಟರು ಕೇಳಿದರು. ಹರಿದು ಹಾಕುತ್ತಾರೇನೋ ಎಂದು ಹೆದರಿ ಕೊಟ್ಟೆ. ಮಗಳನ್ನು ಕೂಡಿಸಿಕೊಂಡು, ನಾಲ್ಕು ಊರಿಗೂ ಈಗಲೇ ಬರೆ ಎಂದರು.

ಅವಳು ಅಳುತ್ತಲೇ, ಅಷ್ಟು ಅವಸರ ಏನು, ಎರಡು ದಿನ ಹೋಗಲಿ ಅಪ್ಪಾ ಎಂದಳು.

"ನಾವು ಹೋಗೂದಿಲ್ಲ ಅಂತ ಗೊತ್ತಾದ ಮ್ಯಾಲ ಪಾಳಿ ಹಿಡ್ಕೊಂಡು ಕೂಡ್ರಬಾರದವ್ವ. ತೂಬು ಮುಚ್ಚಿ ಬಿಡಬೇಕು. ಕೊನಿ ಹೊಲದವ ದಾರಿ ನೋಡಾಕತ್ತಿರ್ತಾನ."

ಅವಳು ಬರೆದಳು. ರಾಟರ್‌ಡ್ಯಾಮ್, ಕಲೋನ್, ಸ್ಟ್ರಾಸ್‌ಬರ್ಗ್, ಬಾಸೆಲ್. ಒಂದೊಂದು ಹೋದ ಹಾಗೆ ಇವರು ಷರಾ ಎಂಬ ಮನೆಯಲ್ಲಿ 'ಬಿಟ್ಟಿದೆ' ಎಂದು ಬರೆದು, ಗೇಟಿನ ಪುಸ್ತಕದಲ್ಲಿ ಮಾಡುತ್ತಿದ್ದ ಹಾಗೆಯೇ ಸಣ್ಣ ಸಹಿ ಹಾಕಿದರು. ನಾಲ್ಕರಲ್ಲಿ ಮೂರು ಕಡೆಯಿಂದ ಯಂತ್ರ ಕಳಿಸುವ ಉತ್ತರ ಬಂತು. ಬಾಸೆಲ್ಲಿನಿಂದ ಒಬ್ಬ ನರ್ಸಮ್ಮ ಎರಡು ಸಾಲು ಸ್ವತಃ ಬರೆದಿದ್ದಳು. ನಿಮಗೆ ಬರಲಾಗದ್ದಕ್ಕೆ ದುಃಖವಾಯಿತು, ಬೇಗ ತಿಳಿಸಿದ್ದರಿಂದ ಕಾಯುತ್ತಿದ್ದ ಇನ್ನೊಬ್ಬ ಪ್ರಯಾಣಿಕರಿಗೆ ಆ ಜಾಗ ಕೊಟ್ಟಿದ್ದೇವೆ ಎಂದು. ಮಗಳು ಓದಿ ಹೇಳಿದಾಗ ಇವರು, "ಕೊನಿ ಹೊಲಕ್ಕ ಮುಟ್ತಲ್ಲ," ಎಂದರು. ಮತ್ತೆ ಆ ನದಿಯ ಹೆಸರು ಅವರ ಬಾಯಲ್ಲಿ ಬಂದಿಲ್ಲ.

ಅಕ್ಕನಿಗೆ ನಾವು ಏನೂ ಹೇಳಲಿಲ್ಲ. ಹೇಳಬಾರದು ಎಂಬುದು ಇವರ ಆಣೆ. ಎಪ್ಪತ್ತೈದು ದಾಟಿದ ಜೀವ, ತಮ್ಮನಿಗೆ ನಾನೇ ವಿಷ ಕೊಟ್ಟೆ ಎಂದುಕೊಂಡರೆ ಉಳಿಯುವುದಿಲ್ಲ. ಮಷೀನಿನಿಂದಲೇ ಹೀಗಾಯಿತು ಎಂದು ಅವರು ನಂಬಿದ್ದಾರೆ. ಬಂದವರ ಮುಂದೆಲ್ಲ ಮಷೀನನ್ನು ಬೈಯುತ್ತಾರೆ. ಮುಂದಿನ ತಿಂಗಳು ತಮ್ಮನನ್ನು ನೋಡಲು ಶಹಾಪುರಕ್ಕೆ ಬಂದರು. ಚೀಲದಲ್ಲಿ ನಾಲ್ಕು ಎಳನೀರು.

ಡಾಕ್ಟರು ಬೇಡ ಎಂದಿದ್ದಾರೆ ಎನ್ನುವ ಮಾತು ಅವರ ಮುಂದೆ ನಡೆಯುವುದಿಲ್ಲ ಎಂದು ಗೊತ್ತಿತ್ತು. ಬಾಯಿಗೆ ಬೇರೆಯೇ ಮಾತು ಬಂತು. ಇವರು ಉಳಿದು ಬಂದರೆ ಎಳನೀರು ಬಿಡುತ್ತಾರೆ ಎಂದು ಕೊಡೇಕಲ್ಲಿನ ದೇವರಿಗೆ ಹರಕೆ ಹೊತ್ತಿದ್ದೇನೆ ಎಂದೆ. ಅಕ್ಕ ಆ ಕ್ಷಣವೇ ಚೀಲದ ಬಾಯಿ ಮುಚ್ಚಿದರು. ಎರಡೂ ಕೈ ಜೋಡಿಸಿ ಕಣ್ಣಿಗೆ ಒತ್ತಿಕೊಂಡರು.

"ಹರಕಿ ಅಂದ್ರ ಮುಗೀತು. ನನ್ನ ಕೈಲೆ ಮುರಿಸಬ್ಯಾಡವ್ವ," ಎಂದು ಚೀಲವನ್ನು ಹೊರಗೆ ಕಟ್ಟೆಯ ಮೇಲೆ ಇಟ್ಟು ಬಂದರು.

ಅಷ್ಟೇ. ಆ ಒಂದು ಮಾತು ಸಾಕಾಗಿತ್ತು. ಡಾಕ್ಟರ ಮಾತನ್ನು ನಮ್ಮವರು ಮೀರುತ್ತಾರೆ, ಹರಕೆಯನ್ನು ಯಾರೂ ಮೀರುವುದಿಲ್ಲ. ಐವತ್ತೆಂಟು ವರ್ಷ ಈ ಜನರ ನಡುವೆಯೇ ಬಾಳಿದವಳಿಗೆ ಇದು ಗೊತ್ತಿರಲಿಲ್ಲವೇ. ಗೊತ್ತಿತ್ತು. ವನದುರ್ಗದಲ್ಲಿ ನೆನಪಾಗಲಿಲ್ಲ. ನೆನಪಾಗಿದ್ದರೂ ದೇವರ ಹೆಸರಿನಲ್ಲಿ ಸುಳ್ಳು ಹೇಳುತ್ತಿದ್ದೆನೋ ಇಲ್ಲವೋ, ಅದನ್ನೂ ಹೇಳಲಾರೆ.

ಹೊರದೇ ಇದ್ದ ಹರಕೆಯನ್ನು ಹೊತ್ತಿದ್ದೇನೆ ಎಂದಿದ್ದೆನಲ್ಲ, ಅದು ಕೊರೆಯುತ್ತಿತ್ತು. ಮರುವಾರವೇ ಮಗಳನ್ನು ಕರೆದುಕೊಂಡು ಕೊಡೇಕಲ್‌ಗೆ ಹೋದೆ. ದೂರದಿಂದ ನಡೆದು ಬಂದ ಭಕ್ತರು ನೆರಳಿನಲ್ಲಿ ಕಾಲು ಚಾಚಿ ಕೂತಿದ್ದರು. ಆಡಿದ ಸುಳ್ಳನ್ನು ಅಲ್ಲಿ ನಿಂತು ನಿಜ ಮಾಡಿದೆ. ನಮ್ಮ ಮನೆಯವರ ಜೊತೆ ನಾನೂ ಎಳನೀರು ಬಿಟ್ಟೆ. ತಡವಾಗಿ ಬಂದೆ, ಆದರೂ ಇದ್ದಾರಲ್ಲ, ಇಷ್ಟು ಇಟ್ಟಿದ್ದೀಯಲ್ಲ ಎಂದು ಹೇಳಿ ಬಂದೆ. ಬೇರೇನೂ ಕೇಳಲಿಲ್ಲ.

ಈಗಲೂ ಸೋಮ, ಬುಧ, ಶುಕ್ರ ಯಾದಗಿರಿಗೆ ಹೋಗುತ್ತೇವೆ. ಮೊದಲಿನ ಹಾಗೆ ತಾವಾಗಿ ಏಳುವುದಿಲ್ಲ. ಎಬ್ಬಿಸಬೇಕು, ಅಂಗಿ ತೊಡಿಸಬೇಕು. ಬೇಡ ಎಂದು ಮಾತ್ರ ಇನ್ನೂ ಅಂದಿಲ್ಲ. ಅನ್ನುವ ದಿನ ಬರಬಹುದು. ಯಾವಾಗಲಾದರೂ ನಾನು ಬರಲಾರೆ ಎನಿಸಿದರೆ ಹಿಂದಿನ ದಿನವೇ ಮಷೀನಿನವರಿಗೆ ಫೋನ್ ಮಾಡು, ಆ ಪಾಳಿಗೆ ಯಾರಾದರೂ ಕಾಯುತ್ತಿರುತ್ತಾರೆ ಎಂದು ಒಂದು ದಿನ ಬಸ್ಸಿನಲ್ಲಿ ನನಗೆ ಹೇಳಿದರು. ನಾನು ಕೇಳಿಸದವಳಂತೆ ಕಿಟಕಿಯ ಕಡೆ ನೋಡಿದೆ. ಅವರ ತಂಬಿಗೆ ನನ್ನ ತೊಡೆಯ ಮೇಲಿತ್ತು. ಅವತ್ತಿನ ನೀರು ಇನ್ನೂ ಅರ್ಧ ಉಳಿದಿತ್ತು.